ಫೈರ್ ಸ್ಟೇಷನ್ನಿನ ಹಳೇ ಪುಸ್ತಕಗಳು: ಕೊಡಗಿನ ಒಂದು ಪೇಟೆಯ ಪ್ರಕರಣ

ಕೊಡಗಿನ ಒಂದು ಪೇಟೆಯ ಅಗ್ನಿಶಾಮಕ ಠಾಣೆಯ ಚರಿತ್ರೆ ಉಳಿಸಬೇಕು ಅಂತ ಕೆಲವರು ಸೇರಿ ಮಾಡಿದ ಕೆಲಸದ ವಿವರ ಇದು. ಆ ಗುಂಪಿನಲ್ಲಿ ನಾನೂ ಇದ್ದೆ. ಊರಿನ ಹೆಸರು ಹೇಳುವುದಿಲ್ಲ. ಯಾರ ಹೆಸರೂ ಇಲ್ಲ, ಗುರುತು ಸಿಗುವಂಥ ವಿವರಗಳನ್ನೂ ಅಲ್ಲಲ್ಲಿ ಬದಲಿಸಿದ್ದೇನೆ. ಕೊಡಗು ಚಿಕ್ಕ ಜಿಲ್ಲೆ, ಮನೆ ಹೆಸರಿನ ಮೊದಲಕ್ಷರ ಹೇಳಿದರೆ ಸಾಕು, ಯಾರು ಅಂತ ಗೊತ್ತಾಗಿಬಿಡುತ್ತದೆ. ಬೇರೆ ಊರುಗಳಲ್ಲಿ ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಅನುಕೂಲ ಆಗಲಿ ಅಂತ ಸ್ವಲ್ಪ ಬಿಡಿಸಿಯೇ ಬರೆಯುತ್ತಿದ್ದೇನೆ.

ಹಿನ್ನೆಲೆ

ಫೈರ್ ಸ್ಟೇಷನ್ ಅಂದರೆ ಬೆಂಕಿ ಆರಿಸುವುದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಕೊಡಗಿನಲ್ಲಿ ಆ ಕೆಲಸ ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಾತ್ರ ಜಾಸ್ತಿ. ಫೆಬ್ರವರಿ, ಮಾರ್ಚ್ ಬಂತೆಂದರೆ ಬೆಟ್ಟದ ಹುಲ್ಲು ಒಣಗುತ್ತದೆ, ಲಂಟಾನ ಒಣಗುತ್ತದೆ, ಬಿದಿರು ಮೆಳೆ ಒಣಗುತ್ತದೆ. ತೋಟದ ಬೇಲಿ ಹತ್ತಿರ ಯಾರೋ ಬಿಸಾಕಿದ ಬೀಡಿ ಸಾಕು. ಲೈನ್ ಮನೆಗಳು (ತೋಟದ ಕೆಲಸದವರು ಇರುವ ಸಾಲು ಮನೆಗಳು), ಕೊಟ್ಟಿಗೆಗಳು, ಹುಲ್ಲಿನ ಮೆದೆ, ಕಾಫಿ ಗೋದಾಮು, ಇವೆಲ್ಲ ಆ ತಿಂಗಳುಗಳ ಕರೆ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದರೆ ಸ್ವಲ್ಪ ಉಸಿರು ಬಿಡಬಹುದು. ಜೂನ್‌ನಿಂದ ಆಚೆಗೆ ಕರೆಗಳೇ ಬೇರೆ: ರಸ್ತೆಗೆ ಬಿದ್ದ ಮರ, ಬಾವಿಗೆ ಬಿದ್ದ ಹಸು, ಹೊಳೆಯಲ್ಲಿ ಸಿಕ್ಕಿಕೊಂಡವರು, ಕುಸಿದ ಬರೆ (ಮಣ್ಣಿನ ದಿಬ್ಬ). ದಸರಾ ಬಂದರೆ ಮಂಟಪಗಳ ಹತ್ತಿರ ರಾತ್ರಿಯಿಡೀ ಗಾಡಿ ನಿಲ್ಲಿಸಿಕೊಂಡು ಕಾಯುವ ಕೆಲಸ.

ಇದೆಲ್ಲ ಠಾಣೆಯಲ್ಲಿ ಬರಹಕ್ಕೆ ಇಳಿಯುತ್ತದೆ. ವಾಚ್ ರೂಮಿನಲ್ಲಿ ಒಂದು ಒಕರೆನ್ಸ್ ಬುಕ್ ಇರುತ್ತದೆ. ಕರೆ ಎಷ್ಟು ಗಂಟೆಗೆ ಬಂತು, ಯಾರು ಮಾಡಿದರು, ಗಾಡಿ ಎಷ್ಟಕ್ಕೆ ಹೊರಟಿತು, ಯಾರು ಯಾರು ಹೋದರು, ಎಷ್ಟಕ್ಕೆ ವಾಪಸ್ ಬಂದರು, ಎಲ್ಲಾ ಅದರಲ್ಲಿ. ಪ್ರತಿ ಗಾಡಿಗೂ ಒಂದು ಲಾಗ್ ಬುಕ್. ಅದರಲ್ಲಿ ಕಿಲೋಮೀಟರು, ಡೀಸೆಲ್ಲು, ಪಂಪ್ ಎಷ್ಟು ಹೊತ್ತು ಓಡಿತು ಅನ್ನುವುದು. ಆಮೇಲೆ ಒಂದೊಂದು ಬೆಂಕಿಗೂ ಒಂದು ಫೈರ್ ರಿಪೋರ್ಟ್.

ರಾಜ್ಯದಲ್ಲಿ ಅಗ್ನಿಶಾಮಕ ದಳಕ್ಕೆ ಕಾನೂನು ಬಂದದ್ದು 1964ರಲ್ಲಿ. ಅಷ್ಟೊತ್ತಿಗೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎಂಟು ವರ್ಷ ಆಗಿತ್ತು. ನಾವು ನೋಡಿದ ಹಳೇ ನಮೂನೆಗಳ ತಲೆಬರಹದಲ್ಲಿ ಮೈಸೂರು ರಾಜ್ಯ ಅಂತಲೇ ಅಚ್ಚಾಗಿದೆ. 1973ರ ನವೆಂಬರ್ ಆದಮೇಲೂ ಅದೇ ಕಾಗದ. ಯಾರೋ ನೀಲಿ ಶಾಯಿಯಲ್ಲಿ ‘ಮೈಸೂರು’ ಹೊಡೆದು ಮೇಲೆ ‘ಕರ್ನಾಟಕ’ ಅಂತ ಬರೆದಿದ್ದಾರೆ, ಪ್ರತಿ ಹಾಳೆಯಲ್ಲೂ, ಆ ಕಟ್ಟು ಮುಗಿಯುವವರೆಗೂ. ಮೊದಲ ಹಾಳೆಗಳಲ್ಲಿ ಅಕ್ಷರ ದುಂಡಗೆ ಇದೆ, ಕೊನೆಕೊನೆಗೆ ಬರೀ ಒಂದು ‘ಕ’ ಮತ್ತು ಗೆರೆ.

ತೊಂದರೆ ಶುರುವಾದದ್ದು

15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವಂತಿಲ್ಲ ಅನ್ನುವ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈ ಠಾಣೆಯ ಹಳೇ ವಾಟರ್ ಟೆಂಡರ್, ಅಂದರೆ ನೀರಿನ ಟ್ಯಾಂಕ್ ಇರುವ ಬೆಂಕಿ ಆರಿಸುವ ಗಾಡಿ, ಮೂಲೆಗೆ ನಿಂತಿತು. ಊರಿನವರಿಗೆ ಆ ಗಾಡಿ ಮೇಲೆ ಬಹಳ ಪ್ರೀತಿ. ಮಕ್ಕಳು ಶಾಲೆಗೆ ಹೋಗುವಾಗ ನೋಡಿಕೊಂಡು ಹೋಗುತ್ತಿದ್ದ ಗಾಡಿ ಅದು. ಗುಜರಿಗೆ ಹೋಗುತ್ತಂತೆ ಅಂತ ಸುದ್ದಿ ಬಂದಾಗ ಒಬ್ಬ ಕಾಲೇಜು ಮೇಷ್ಟ್ರು, ಫೋಟೋ ಸ್ಟುಡಿಯೋ ಇಟ್ಟಿರುವ ಒಬ್ಬರು, ಇಬ್ಬರು ವಿದ್ಯಾರ್ಥಿಗಳು, ಒಬ್ಬರು ನಿವೃತ್ತ ಅಗ್ನಿಶಾಮಕರು, ನಾನು, ಹೀಗೆ ಒಂದು ಗುಂಪು ತಾನಾಗಿ ಸೇರಿತು. ಗಾಡಿಯನ್ನು ಬಣ್ಣ ಹೊಡೆಸಿ ಪೇಟೆಯ ಪಾರ್ಕಿನಲ್ಲಿ ನಿಲ್ಲಿಸೋಣ, ಒಳಗೆ ಒಂದಷ್ಟು ಹಳೇ ಫೋಟೋ ಹಾಕೋಣ, ಇದು ಗುಂಪಿನ ಮೊದಲ ಯೋಚನೆ.

ಅರ್ಜಿ ಬರೆದಾಯಿತು. ಜನಪ್ರತಿನಿಧಿಗಳ ಹತ್ತಿರ ಹೋಗಿದ್ದಾಯಿತು. ಉತ್ತರ ಎಲ್ಲ ಕಡೆ ಒಂದೇ: ಇಂಥ ಗಾಡಿ ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು, ಖಾಸಗಿಯವರಿಗೆ ಸುಮ್ನೆ ಕೊಡಲು ಬರುವುದಿಲ್ಲ. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಕಾಗದ ಓಡಾಡುತ್ತಿರುವಾಗಲೇ ಮಳೆಗಾಲ ಬಂತು.

ತಿರುವು

ಮಳೆ ಜೋರಿದ್ದ ಒಂದು ಸಂಜೆ ಗುಂಪಿನವರು ಠಾಣೆಯಲ್ಲಿ ಕೂತು ಗಾಡಿಯ ಬಗ್ಗೆ ಮಾತಾಡುತ್ತಿದ್ದರು. ಆ ಗಾಡಿಯನ್ನು ಬಹಳ ವರ್ಷ ಓಡಿಸಿದ ನಿವೃತ್ತ ಚಾಲಕರೊಬ್ಬರನ್ನು ಕರೆಸಿದ್ದರು. ಅವರು ಗಾಡಿಯ ಬಾಗಿಲು ಒಮ್ಮೆ ತೆರೆದು ಮುಚ್ಚಿ, ‘ಲಾಗ್ ಬುಕ್ ಎಲ್ಲಿಟ್ಟಿದ್ದೀರಿ ಸಾರ್’ ಅಂತ ಠಾಣಾಧಿಕಾರಿಯನ್ನು ಕೇಳಿದರು. ಹಿಂದಿನ ಸ್ಟೋರ್ ರೂಮಿನಲ್ಲಿ ಇರಬೇಕು ಅಂತ ಉತ್ತರ ಬಂತು. ಬಾಗಿಲು ತೆಗೆದರೆ ಮಾಡಿನ ಒಂದು ಶೀಟ್ ಸರಿದು ನೀರು ಗೋಡೆ ಹಿಡಿದು ಇಳಿಯುತ್ತಿದೆ. ಹಳೇ ಹೋಸ್ ಪೈಪು, ತುಕ್ಕು ಹಿಡಿದ ಏಣಿ, ಅದರ ಹಿಂದೆ ಮರದ ಬೆಂಚಿನ ಕೆಳಗೆ ಗೋಣಿ ಚೀಲದಲ್ಲಿ ಕಟ್ಟಿಟ್ಟ ಪುಸ್ತಕಗಳು. ಕೆಳಗಿನ ಸಾಲು ನೆನೆದು ಊದಿಕೊಂಡಿತ್ತು. ಮೇಲಿನದ್ದಕ್ಕೆ ಬೂಷ್ಟು. ಒಂದು ಮೂಲೆಯಲ್ಲಿ ಗೆದ್ದಲು.

ಗಾಡಿಗೆ ಇನ್ನೊಂದು ಅರ್ಜಿ ಹಾಕೋಣವೇ ಅಂತ ಮೇಷ್ಟ್ರು ಕೇಳಿದಾಗ ಆ ಚಾಲಕರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ‘ಗಾಡಿ ಹೋದ್ರೆ ಹೋಗ್ಲಿ ಮೇಷ್ಟ್ರೇ, ಇಂಥದ್ದು ಎಷ್ಟೋ ಸ್ಟೇಷನ್‌ನಲ್ಲಿತ್ತು. ಈ ಪುಸ್ತಕ ಇರೋದು ಇದೊಂದೇ.’

ಅಲ್ಲಿಂದ ಕೆಲಸದ ದಿಕ್ಕು ಬದಲಾಯಿತು. ಇಂಥ ಯೋಜನೆಗಳಲ್ಲಿ ಕಣ್ಣಿಗೆ ಕಾಣುವ ದೊಡ್ಡ ವಸ್ತುವಿನ ಹಿಂದೆ ಎಲ್ಲರೂ ಹೋಗುತ್ತಾರೆ, ಅದು ಸಹಜ. ಕೆಂಪು ಗಾಡಿ, ಹಿತ್ತಾಳೆ ಗಂಟೆ, ಹೆಲ್ಮೆಟ್ಟು ಚಂದ ಕಾಣುತ್ತವೆ, ದಾನಿಗಳೂ ಅದಕ್ಕೇ ಬರುತ್ತಾರೆ. ಆದರೆ ಈ ಊರಿನಲ್ಲಿ ಯಾವ ಯಾವ ಮನೆ ಸುಟ್ಟಿತು, ಯಾವ ರಾತ್ರಿ ಯಾರು ಎದ್ದು ಓಡಿದರು ಅನ್ನುವುದು ಆ ಗಂಟೆಯಲ್ಲಿ ಇಲ್ಲ, ಪುಸ್ತಕದಲ್ಲಿದೆ.

ನೆನೆದ ಕಾಗದಕ್ಕೆ ಏನು ಮಾಡಿದರು

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮಲೆನಾಡಿನಲ್ಲಿ ಎಲ್ಲರಿಗೂ ಬರುವ ತೊಂದರೆ ಇದೇ.

ನೆನೆದ ಕಾಗದಕ್ಕೆ ಎರಡು ದಿನದೊಳಗೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಜುಲೈ ತಿಂಗಳು, ಕಕ್ಕಡದ ಮಳೆ, ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಇಡೋಣ ಅಂತ ಒಬ್ಬರು ಹೇಳಿದರು. ತೋಟದ ಡ್ರೈಯರ್‌ನಲ್ಲಿ ಕಾಫಿ ಒಣಗಿಸುವ ಹಾಗೆ ಒಣಗಿಸಿದರೆ ಒಂದೇ ದಿನದ ಕೆಲಸ ಅಂತ ಇನ್ನೊಬ್ಬರು. ಎರಡೂ ಬೇಡ ಅಂತ ಮೇಷ್ಟ್ರು ಪಟ್ಟು ಹಿಡಿದರು. ಜೋರು ಬಿಸಿ ತಾಗಿದರೆ ಹಳೇ ಕಾಗದ ಹಪ್ಪಳದಂತೆ ಮುರಿಯುತ್ತದೆ, ಹೊಗೆ ಕೂತರೆ ಅಕ್ಷರ ಕಾಣುವುದಿಲ್ಲ. ಬಿಸಿಲಿಗೆ ಹಾಕುವುದೂ ತಪ್ಪು, ಶಾಯಿ ಮಾಸಿ ಹೋಗುತ್ತದೆ.

ಅವರು ಹೇಳಿದ ದಾರಿ ಕೇಳಿ ಮೊದಲು ಯಾರೂ ನಂಬಲಿಲ್ಲ: ಫ್ರೀಜರ್. ನೆನೆದ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹೆಪ್ಪುಗಟ್ಟಿಸಿಬಿಟ್ಟರೆ ಬೂಷ್ಟು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಒಂದೊಂದೇ ತೆಗೆದು ನಿಧಾನವಾಗಿ ಒಣಗಿಸಬಹುದು. ದೊಡ್ಡ ಗ್ರಂಥಾಲಯಗಳಲ್ಲಿ ಪ್ರವಾಹ ಬಂದಾಗ ಮಾಡುವುದೂ ಇದನ್ನೇ.

ಇಲ್ಲಿ ಒಂದು ಕಷ್ಟ ಬಂತು. ಠಾಣಾಧಿಕಾರಿ ಒಳ್ಳೆಯವರು, ಆದರೆ ಸರ್ಕಾರಿ ದಾಖಲೆ ಕಾಂಪೌಂಡ್ ದಾಟಿ ಹೊರಗೆ ಹೋಗಬಾರದು ಅಂತ ಖಡಾಖಂಡಿತವಾಗಿ ಹೇಳಿದರು. ಅವರ ಮಾತು ಸರಿಯಾಗಿಯೇ ಇತ್ತು. ಹೊರಗೆ ಹೋದ ದಾಖಲೆ ವಾಪಸ್ ಬರದಿದ್ದರೆ ಉತ್ತರ ಕೊಡಬೇಕಾದವರು ಅವರು ತಾನೇ. ಹಾಗಾಗಿ ಪುಸ್ತಕ ಫ್ರೀಜರ್ ಹತ್ತಿರ ಹೋಗುವ ಬದಲು ಫ್ರೀಜರ್ ಪುಸ್ತಕದ ಹತ್ತಿರ ಬಂತು. ಪೇಟೆಯ ಒಬ್ಬ ಬೇಕರಿಯವರು ಮಳೆಗಾಲದಲ್ಲಿ ಹೇಗೂ ಐಸ್‌ಕ್ರೀಮ್ ಹೋಗುವುದಿಲ್ಲ ಅಂತ ತಮ್ಮ ಡೀಪ್ ಫ್ರೀಜರ್ ಅನ್ನು ಪಿಕಪ್ಪಿನಲ್ಲಿ ಕಳಿಸಿಕೊಟ್ಟರು. ಅದು ವಾಚ್ ರೂಮಿನ ಪಕ್ಕದ ಕೋಣೆಯಲ್ಲಿ ಕೂತಿತು.

ಒಣಗಿಸುವ ಕೆಲಸ ಸಿಬ್ಬಂದಿಯೂ ಕಲಿತರು. ಬಾಗಿಲು ಕಿಟಕಿ ತೆರೆದು, ಫ್ಯಾನ್ ಅನ್ನು ನೇರ ಕಾಗದಕ್ಕೆ ಬಿಡದೆ ಗೋಡೆ ಕಡೆ ತಿರುಗಿಸಿ, ಹತ್ತು ಹನ್ನೆರಡು ಹಾಳೆಗೊಂದು ಬಿಳಿ ನ್ಯೂಸ್‌ಪ್ರಿಂಟ್ ಇಟ್ಟು, ಅದು ಒದ್ದೆಯಾದಂತೆ ಬದಲಿಸುತ್ತಾ ಹೋಗುವುದು. ಅಚ್ಚಾದ ಪೇಪರ್ ಇಟ್ಟರೆ ಅದರ ಶಾಯಿ ಇದಕ್ಕೆ ಅಂಟುತ್ತದೆ. ಬೂಷ್ಟು ತೆಗೆಯುವುದು ಒಣಗಿದ ಮೇಲೆ ಮಾತ್ರ, ಮೆತ್ತನೆ ಬ್ರಷ್ಷಿನಲ್ಲಿ, ಮಾಸ್ಕ್ ಹಾಕಿಕೊಂಡು, ಹೊರಗೆ ಜಗುಲಿಯಲ್ಲಿ. ಹರಿದದ್ದಕ್ಕೆ ಸೆಲೋಟೇಪ್ ಹಚ್ಚಬಾರದು, ಲ್ಯಾಮಿನೇಶನ್ ಅಂತೂ ಮಾಡಲೇಬಾರದು. ಒಂದು ಸಲ ಮಾಡಿದರೆ ಬಿಡಿಸಲು ಆಗುವುದಿಲ್ಲ, ಕೆಲವು ವರ್ಷದಲ್ಲಿ ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ.

ಫೋಟೋ ತೆಗೆದದ್ದು ಸ್ಟುಡಿಯೋದವರು. ಸ್ಕ್ಯಾನರ್ ಬೇಡ ಅಂದರು, ಗಾಜು ಒತ್ತಿದರೆ ಹೊಲಿಗೆ ಬಿಡುತ್ತದೆ ಅಂತ. ಮೇಜಿನ ಮೇಲೆ ಕ್ಯಾಮೆರಾ ನೇತುಹಾಕಿ ಎರಡೂ ಕಡೆಯಿಂದ ಒಂದೇ ಸಮ ಬೆಳಕು ಬಿಟ್ಟು, ಖಾಲಿ ಹಾಳೆಯನ್ನೂ ಬಿಡದೆ ರಟ್ಟಿನಿಂದ ರಟ್ಟಿಗೆ ತೆಗೆದರು. ಖಾಲಿ ಹಾಳೆ ಯಾಕೆ ಅಂತ ವಿದ್ಯಾರ್ಥಿಗಳು ಕೇಳಿದರು. ಮಧ್ಯೆ ಯಾವ ಹಾಳೆಯೂ ಕಾಣೆಯಾಗಿಲ್ಲ ಅನ್ನುವುದಕ್ಕೆ ಆಮೇಲೆ ಅದೇ ಸಾಕ್ಷಿ.

ಓದುವುದು ಇನ್ನೂ ಕಷ್ಟದ ಕೆಲಸ

ಪುಸ್ತಕ ಒಣಗಿತು, ಫೋಟೋ ಆಯಿತು. ಆದರೆ ಅರ್ಥ ಆಗುವುದಿಲ್ಲ. ಸ್ಟಾಪ್ ಮೆಸೇಜ್ ಅಂದರೆ ಏನು ಅಂತ ವಿದ್ಯಾರ್ಥಿಗಳಿಗೆ ಹೇಗೆ ಗೊತ್ತಾಗಬೇಕು? ಬೆಂಕಿ ಹತೋಟಿಗೆ ಬಂತು, ಇನ್ನು ಬೇರೆ ಗಾಡಿ ಕಳಿಸಬೇಡಿ ಅಂತ ಸ್ಥಳದಿಂದ ಹೇಳಿ ಕಳಿಸುವುದು. ಊರಿನ ಹೆಸರುಗಳು ಅದಕ್ಕಿಂತ ಕಷ್ಟ. ತೋಟ ಕೈ ಬದಲಾದಾಗಲೆಲ್ಲ ಹೆಸರೂ ಬದಲಾಗಿದೆ. ‘ದೊಡ್ಡ ಅತ್ತಿಮರದ ತಿರುವು’ ಅಂತ ಬರೆದಿದ್ದಾರೆ, ಆ ಮರ ಈಗ ಇಲ್ಲ. ನಿವೃತ್ತ ಚಾಲಕರು ಬಂದು ವಿದ್ಯಾರ್ಥಿಗಳ ಜೊತೆ ಕೂತು, ಒಂದೊಂದು ಸಾಲನ್ನೂ ಓದಿಸಿ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದರು. ಹುಡುಗಿಯೊಬ್ಬಳು ‘ಅಂಕಲ್, ನಿಮಗೆ ಇದೆಲ್ಲ ಹೇಗೆ ನೆನಪಿದೆ’ ಅಂತ ಕೇಳಿದರೆ, ‘ನೀರು ಎಲ್ಲಿ ಸಿಕ್ತು ಅನ್ನೋದು ಮರೆಯಲ್ಲಮ್ಮ’ ಅಂದರು.

ಆ ಮಾತಿನಿಂದ ಇನ್ನೊಂದು ವಿಷಯ ಹೊರಗೆ ಬಂತು. ಸುಮಾರು 4,500 ಲೀಟರ್ ನೀರಿನ ಗಾಡಿ ದೊಡ್ಡ ಜೆಟ್ ಬಿಟ್ಟರೆ ಹತ್ತು ಹದಿನೈದು ನಿಮಿಷದಲ್ಲಿ ಖಾಲಿ. ಆಮೇಲೆ ಹತ್ತಿರದ ಕೆರೆಗೆ ಸಕ್ಷನ್ ಪೈಪ್ ಹಾಕಿ ತುಂಬಿಸಬೇಕು. ಪಂಪ್ ಎಷ್ಟೇ ಚೆನ್ನಾಗಿದ್ದರೂ ಏಳೆಂಟು ಮೀಟರ್‌ಗಿಂತ ಕೆಳಗಿನ ನೀರು ಎಳೆಯುವುದಿಲ್ಲ, ಹಾಗಾಗಿ ಗಾಡಿ ಹತ್ತಿರ ಹೋಗುವಂಥ ಕೆರೆಯೇ ಬೇಕು. ಹಳೇ ಲಾಗ್ ಬುಕ್‌ಗಳಲ್ಲಿ ಎಲ್ಲಿ ನೀರು ತುಂಬಿಸಿದರು ಅಂತ ಚಾಲಕರು ಅಂಚಿನಲ್ಲಿ ಬರೆದಿಟ್ಟಿದ್ದರು. ಆ ಟಿಪ್ಪಣಿಗಳನ್ನು ಒಟ್ಟು ಮಾಡಿದಾಗ ಮಾರ್ಚಿನಲ್ಲೂ ಬತ್ತದ, ಗಾಡಿ ಹೋಗುವ ದಾರಿ ಇರುವ ತೋಟದ ಕೆರೆಗಳ ಪಟ್ಟಿಯೇ ಸಿಕ್ಕಿತು. ಈಗಿನ ಸಿಬ್ಬಂದಿಗೆ ಗೊತ್ತಿಲ್ಲದವೂ ಅದರಲ್ಲಿದ್ದವು. ಅವರು ಹೋಗಿ ನೋಡಿಕೊಂಡು ಬಂದು, ಕೆಲವು ಹೂಳು ತುಂಬಿವೆ, ಕೆಲವು ಚೆನ್ನಾಗಿವೆ ಅಂತ ಗುರುತು ಹಾಕಿಕೊಂಡರು. ಹಳೇ ಕಾಗದ ಯಾರಿಗೆ ಬೇಕು ಅಂತ ಅಲ್ಲಿಯವರೆಗೆ ಕೇಳುತ್ತಿದ್ದ ಕಿರಿಯ ಸಿಬ್ಬಂದಿ ಆಮೇಲೆ ತಾವಾಗಿ ಬಂದು ಕೂರತೊಡಗಿದರು. ಇಡೀ ಕೆಲಸದಲ್ಲಿ ಠಾಣೆ ನಿಜವಾಗಿ ನಮ್ಮ ಜೊತೆ ಸೇರಿದ್ದು ಇಲ್ಲಿಂದ ಅಂತ ನನ್ನ ಅಭಿಪ್ರಾಯ.

ಪುಸ್ತಕದಲ್ಲಿ ಇಲ್ಲದವರು

ಓದುತ್ತಾ ಹೋದಂತೆ ಒಂದು ಕೊರತೆ ಕಂಡಿತು. ಲೈನ್ ಮನೆಗಳ ಬೆಂಕಿ ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಬರೆದಿರುವುದು ತೋಟದ ಹೆಸರು, ಮಾಲೀಕರ ಹೆಸರು, ನಷ್ಟದ ಅಂದಾಜು. ಅಲ್ಲಿ ವಾಸವಿದ್ದವರ ಹೆಸರಿಲ್ಲ. ಪಾತ್ರೆ, ಬಟ್ಟೆ, ಅಕ್ಕಿ, ರೇಷನ್ ಕಾರ್ಡು ಸುಟ್ಟುಕೊಂಡವರು ಯಾರು ಅನ್ನುವುದಕ್ಕೆ ಒಂದು ಕಾಲಂ ಕೂಡ ಇರಲಿಲ್ಲ. ಇದು ನನ್ನನ್ನು ಬಹಳ ಕಾಡಿತು. ದಾಖಲೆ ಉಳಿಸಿದರೆ ಚರಿತ್ರೆ ಉಳಿಯಿತು ಅಂತ ಹೇಳಲು ಆಗುವುದಿಲ್ಲ, ದಾಖಲೆ ಬರೆದವರು ಯಾರನ್ನು ಕಂಡರೋ ಅವರದ್ದು ಮಾತ್ರ ಉಳಿಯುತ್ತದೆ.

ಇನ್ನೊಂದು ಕೊರತೆ 2018ರ ಆಗಸ್ಟ್. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಬೆಟ್ಟ ಜರಿದು ಬಂದ ದಿನಗಳು. ಮಾಮೂಲಿ ದಿನ ಒಂದು ಮರ ಬಿದ್ದರೂ ಅರ್ಧ ಪುಟ ಬರೆಯುವ ಪುಸ್ತಕದಲ್ಲಿ ಆ ದಿನಗಳಿಗೆ ಕೆಲವೇ ಸಾಲು. ಹೊರಟ ಸಮಯ ಇದೆ, ವಾಪಸ್ ಬಂದ ಸಮಯ ಇಲ್ಲ. ಒಂದು ಕಡೆ ಬರೀ ಜಾಗದ ಹೆಸರು, ಅಕ್ಷರ ಗೀಚಿದ ಹಾಗೆ. ಬರೆಯಲು ಠಾಣೆಯಲ್ಲಿ ಯಾರು ಉಳಿದಿದ್ದರು? ಕರೆಂಟ್ ಇಲ್ಲ, ಫೋನ್ ಸಿಗುತ್ತಿಲ್ಲ, ಎಲ್ಲರೂ ಹೊರಗೆ. ಕೆಲಸ ಅತಿ ಹೆಚ್ಚಾದ ದಿನವೇ ಬರಹ ಅತಿ ಕಡಿಮೆ.

ಆದ್ದರಿಂದ ಎರಡನೇ ಹಂತದಲ್ಲಿ ಜನರ ಮಾತು ರೆಕಾರ್ಡ್ ಮಾಡಲು ತೀರ್ಮಾನ ಆಯಿತು. ಇಲ್ಲಿ ಒಂದು ಉಪಾಯ ಚೆನ್ನಾಗಿ ಕೆಲಸ ಮಾಡಿತು. ‘ನಿಮ್ಮ ಅನುಭವ ಹೇಳಿ’ ಅಂತ ಕೇಳಿದರೆ ನಿವೃತ್ತರು ಭಾಷಣ ಶುರು ಮಾಡುತ್ತಿದ್ದರು. ಅದೇ ಆ ದಿನದ ಪುಟವನ್ನು ಮುಂದಿಟ್ಟು ಗಾಡಿಯಲ್ಲಿ ಯಾರು ಎಲ್ಲಿ ಕೂತಿದ್ದಿರಿ, ರಸ್ತೆ ಎಲ್ಲಿ ಮುಗಿಯಿತು, ಆಮೇಲೆ ಹೇಗೆ ನಡೆದಿರಿ ಅಂತ ಕೇಳಿದರೆ ವಿವರ ತಾನಾಗಿ ಬರುತ್ತಿತ್ತು. ಕೆಲವರು ಅರ್ಧಕ್ಕೆ ನಿಲ್ಲಿಸಿದರು. ಮುಂದುವರಿಸಿ ಅಂತ ಯಾರನ್ನೂ ಒತ್ತಾಯ ಮಾಡಲಿಲ್ಲ. 2018ರ ವಿಷಯದಲ್ಲಂತೂ ಎದುರಿಗೆ ಕೂತವರ ಮುಖ ನೋಡಿಯೇ ಪ್ರಶ್ನೆ ಕೇಳಬೇಕಾಗಿತ್ತು.

ಏನನ್ನು ತೋರಿಸಬಾರದು

ಗುಂಪಿನಲ್ಲಿ ದೊಡ್ಡ ವಾದ ನಡೆದದ್ದು ಈ ಪ್ರಶ್ನೆಗೆ. ಫೋಟೋಗಳನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕಿಬಿಡೋಣ, ಎಲ್ಲರಿಗೂ ಸಿಗಲಿ ಅಂತ ಸ್ಟುಡಿಯೋದವರ ಆಸೆ. ಆದರೆ ಒಕರೆನ್ಸ್ ಬುಕ್‌ನಲ್ಲಿ ಬಾವಿಯಿಂದ, ಕೆರೆಯಿಂದ ತೆಗೆದ ಹೆಣಗಳ ವಿವರ ಇದೆ. ಹೆಸರು, ವಯಸ್ಸು, ಮನೆ ಹೆಸರು, ಕೆಲವು ಕಡೆ ಕಾರಣ ಕೂಡ. ಅವರ ಮಕ್ಕಳು, ತಮ್ಮಂದಿರು ಇದೇ ಪೇಟೆಯಲ್ಲಿ ದಿನಾ ಓಡಾಡುವವರು. ‘ನಲವತ್ತು ವರ್ಷ ಆಯ್ತಲ್ಲ’ ಅಂತ ಒಬ್ಬರು ಹೇಳಿದರು. ಗುಂಪಿನಲ್ಲಿದ್ದ ನಿವೃತ್ತ ಅಗ್ನಿಶಾಮಕರು ‘ನಾನೇ ಹಗ್ಗ ಬಿಟ್ಟು ಇಳಿದು ತೆಗೆದದ್ದು. ಅವರ ಮಗಳು ಸಿಕ್ಕಿದರೆ ಈಗಲೂ ನಾನು ಆ ಮಾತೆತ್ತಲ್ಲ’ ಅಂದರು. ವಾದ ಅಲ್ಲಿಗೆ ನಿಂತಿತು.

ಕೊನೆಗೆ ಮಾಡಿದ್ದು ಹೀಗೆ. ಪೂರ್ತಿ ಫೋಟೋಗಳು ಠಾಣೆಯಲ್ಲಿ ಮತ್ತು ಇಲಾಖೆಯ ಮೇಲಿನ ಕಚೇರಿಯಲ್ಲಿ ಮಾತ್ರ. ಹೊರಗಿನವರಿಗೆ ತೋರಿಸಲು ಬೇರೆ ಒಂದು ಪಟ್ಟಿ: ತಾರೀಖು, ಜಾಗ, ಯಾವ ರೀತಿ ಕರೆ, ಎಷ್ಟು ಹೊತ್ತು, ನೀರು ಎಲ್ಲಿಂದ. ಸಾವಿನ ಕರೆಗಳಲ್ಲಿ ಜಾಗವನ್ನೂ ಹೋಬಳಿ ಮಟ್ಟಕ್ಕೆ ಮಾತ್ರ ಇಟ್ಟರು. ಮನೆಯವರೇ ಬಂದು ಕೇಳಿದರೆ ಅವರ ಪುಟ ಅವರಿಗೆ ತೋರಿಸುವುದು. ಇದನ್ನೆಲ್ಲ ಬರೆದು ಸಹಿ ಹಾಕಿಸಿಕೊಂಡದ್ದು ಒಳ್ಳೆಯದಾಯಿತು, ಯಾಕೆಂದರೆ ಆಮೇಲೆ ಪತ್ರಿಕೆಗೆ ಅಂತ ಕೇಳಿಕೊಂಡು ಬಂದವರಿಗೆ ತೋರಿಸಲು ಒಂದು ಕಾಗದ ಇತ್ತು.

ಏನಾಯಿತು

ಗಾಡಿ ಗುಜರಿಗೆ ಹೋಯಿತು. ಹೋಗುವ ಮೊದಲು ಅದರ ಎಲ್ಲ ಭಾಗದ ಫೋಟೋ ತೆಗೆದು, ಪಂಪ್ ಚಾಲೂ ಮಾಡಿ ಪ್ರೈಮಿಂಗ್ ಆಗುವ (ಗಾಳಿ ಹೊರಹಾಕಿ ನೀರು ಎಳೆದುಕೊಳ್ಳುವ) ಸದ್ದು, ಸೈರನ್, ಗಂಟೆ ಎಲ್ಲ ರೆಕಾರ್ಡ್ ಮಾಡಿಕೊಂಡರು. ಪ್ಯಾನಲ್ ಮೇಲೆ ಯಾವ ವಾಲ್ವ್ ಎಷ್ಟು ತಿರುಗಿಸಬೇಕು ಅಂತ ಚಾಲಕರು ಬಿಳಿ ಪೇಂಟಿನಲ್ಲಿ ಹಾಕಿಕೊಂಡಿದ್ದ ಗೆರೆಗಳೂ ಫೋಟೋದಲ್ಲಿ ಬಂದಿವೆ.

ಏಪ್ರಿಲ್ 14ಕ್ಕೆ ಠಾಣೆಯಲ್ಲಿ ಒಂದು ಪ್ರದರ್ಶನ ಇಟ್ಟರು. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗು ಸ್ಫೋಟಿಸಿ 66 ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ದೇಶದ ಎಲ್ಲ ಠಾಣೆಗಳಲ್ಲಿ ಅಂದು ಮೌನ ಆಚರಿಸಿ, ಒಂದು ವಾರ ಅಗ್ನಿಶಾಮಕ ಸಪ್ತಾಹ ಮಾಡುತ್ತಾರೆ. ಪ್ರತಿ ವರ್ಷ ಹೇಗೂ ನಡೆಯುವ ಕಾರ್ಯಕ್ರಮಕ್ಕೆ ಸೇರಿಸಿದ್ದರಿಂದ ಬೇರೆ ದುಡ್ಡು, ಬೇರೆ ಅನುಮತಿ ಬೇಕಾಗಲಿಲ್ಲ. ಲೈನ್ ಮನೆ ಬೆಂಕಿಯ ಹಲಗೆ ಮುಂದೆ ನಿಂತ ಒಬ್ಬರು ಹೆಂಗಸು, ಆ ತೋಟದಲ್ಲಿ ತಮ್ಮ ತಾಯಿ ಇದ್ದದ್ದು, ತಾವು ಆಗ ಸಣ್ಣ ಹುಡುಗಿ ಅಂತ ಹೇಳಿದರು. ಆ ಸಾಲಿನಲ್ಲಿ ಎಷ್ಟು ಮನೆ, ಯಾರು ಯಾರು ಇದ್ದರು, ಸುಟ್ಟ ಮೇಲೆ ಎಲ್ಲಿ ಮಲಗಿದರು ಎಲ್ಲವನ್ನೂ ವಿದ್ಯಾರ್ಥಿಗಳು ಬರೆದುಕೊಂಡರು. ಅವರ ಒಪ್ಪಿಗೆ ಪಡೆದು ಆ ಹೆಸರುಗಳನ್ನು ಈಗ ಆ ಫೈರ್ ರಿಪೋರ್ಟಿನ ಫೋಟೋ ಜೊತೆ ಸೇರಿಸಿ ಇಡಲಾಗಿದೆ.

ಒಂದು ಅಪಾಯ ಮಾತ್ರ ಕೊನೆಯಲ್ಲಿ ಎದುರಾಯಿತು. ಠಾಣಾಧಿಕಾರಿಗೆ ವರ್ಗಾವಣೆ ಆಯಿತು. ಇಂಥ ಕೆಲಸ ಸಾಮಾನ್ಯವಾಗಿ ಇಲ್ಲೇ ಸಾಯುತ್ತದೆ. ಹೊಸಬರಿಗೆ ಆ ಕಪಾಟಿನಲ್ಲಿ ಏನಿದೆ ಅಂತ ಗೊತ್ತಿರುವುದಿಲ್ಲ, ಜಾಗ ಬೇಕು ಅಂತ ಖಾಲಿ ಮಾಡಿಸುತ್ತಾರೆ. ಹೋಗುವ ಅಧಿಕಾರಿ ಒಂದು ಜಾಣತನ ಮಾಡಿದರು. ಚಾರ್ಜ್ ಒಪ್ಪಿಸುವಾಗ ಕೊಡುವ ಪಟ್ಟಿಯಲ್ಲಿ ಹೋಸ್ ಪೈಪು, ಏಣಿ, ಪಂಪುಗಳ ಜೊತೆಗೇ ಈ ಪುಸ್ತಕಗಳನ್ನೂ ಒಂದೊಂದಾಗಿ ನಂಬರ್ ಹಾಕಿ ಸೇರಿಸಿದರು. ಬರುವವರು ಎಣಿಸಿ ಸಹಿ ಹಾಕಲೇಬೇಕು, ಒಂದು ಕಡಿಮೆಯಾದರೆ ಅವರೇ ಉತ್ತರ ಕೊಡಬೇಕು. ನಾವು ತಿಂಗಳುಗಟ್ಟಲೆ ಬರೆದ ಮನವಿಗಳಿಗಿಂತ ಆ ಒಂದು ಪಟ್ಟಿ ಗಟ್ಟಿ ಅಂತ ನನಗನ್ನಿಸುತ್ತದೆ. ಬೇರೆ ಊರಿನವರು ಮೊದಲ ವಾರವೇ ಇದನ್ನು ಮಾಡಿಸಿಕೊಳ್ಳಿ. ಎಲ್ಲಾ ಮುಗಿದ ಮೇಲೆ ಮಾಡೋಣ ಅಂತ ಕಾಯಬೇಡಿ.

ಈಗ ನಡೆಯುತ್ತಿರುವುದು ಫೋನುಗಳ ಕೆಲಸ. 2018ರಲ್ಲಿ, 2019ರ ತೋರ ಗ್ರಾಮದ ಭೂಕುಸಿತದಲ್ಲಿ, 2020ರ ತಲಕಾವೇರಿ ಗಜಗಿರಿ ಬೆಟ್ಟದ ಕುಸಿತದಲ್ಲಿ ಸಿಬ್ಬಂದಿ ತೆಗೆದ ಫೋಟೋ, ವಾಟ್ಸಾಪ್‌ನಲ್ಲಿ ಒಬ್ಬರಿಗೊಬ್ಬರು ಕಳಿಸಿದ ವಾಯ್ಸ್ ಮೆಸೇಜು ಹಳೇ ಮೊಬೈಲುಗಳಲ್ಲಿ ಉಳಿದಿವೆ. ಕೆಲವರ ಡಿಸ್‌ಪ್ಲೇ ಹೋಗಿದೆ, ಕೆಲವರು ಮಕ್ಕಳಿಗೆ ಆಟಕ್ಕೆ ಕೊಟ್ಟಿದ್ದಾರೆ. ಪೇಟೆಯ ಮೊಬೈಲ್ ರಿಪೇರಿ ಹುಡುಗ ಒಬ್ಬ ದುಡ್ಡು ತಗೊಳ್ಳದೆ ಒಂದೊಂದಾಗಿ ತೆರೆದು ಕೊಡುತ್ತಿದ್ದಾನೆ. ಯಾವುದನ್ನು ಯಾರು ಎಲ್ಲಿ ತೆಗೆದರು ಅಂತ ಅವರವರ ಪಕ್ಕದಲ್ಲೇ ಕೂತು ಬರೆದುಕೊಳ್ಳುತ್ತಿದ್ದೇವೆ.